ಸಿಗ್ನಲ್‌ನಲ್ಲಿ ಕಣ್ಣು ಮುಚ್ಚುವ ಕಾರು

ಕಟಕಟಕಟ. ಸ್ವಲ್ಪ ಹೊತ್ತು ಮೌನ. ಮತ್ತೆ ಕಟಕಟ. ಬೆಳಗಿನ ಐದೂವರೆಗೆ ನಮ್ಮ ಗೇಟಿನ ಮುಂದೆ ಅಕ್ಕನ ಕಾರು ಹಲ್ಲು ಕಡಿಯುತ್ತಿದ್ದ ಸದ್ದು ಎದುರುಮನೆಯ ಬ್ಯಾಟರಿ ಚಿಕ್ಕಮ್ಮನ ಕಿವಿಗೆ ಬಿತ್ತು. ಅರ್ಧ ಹೆಣೆದ ಜಡೆಯನ್ನು ಹಾಗೇ ಹಿಡಿದುಕೊಂಡು ಹೊರಬಂದರು.

ಅವರು ಯಾರಿಗೂ ಸ್ವಂತ ಚಿಕ್ಕಮ್ಮನಲ್ಲ, ಬೀದಿಗೆಲ್ಲ ಚಿಕ್ಕಮ್ಮ. ಮನೆಯ ಕೆಳಗಿನ ಅಂಗಡಿಯಲ್ಲಿ ಮೂವತ್ತು ವರ್ಷಗಳಿಂದ ಬ್ಯಾಟರಿ ಮಾರುತ್ತಿದ್ದಾರೆ. ಆ್ಯಸಿಡ್ ಸಿಡಿದು ಅವರ ಬಟ್ಟೆಗಳಲ್ಲೆಲ್ಲ ಸಾಸಿವೆ ಗಾತ್ರದ ತೂತುಗಳು. ಗಾಡಿ ಸ್ಟಾರ್ಟ್ ಆಗುವ ಸದ್ದು ಕೇಳಿಯೇ, ಬಾನೆಟ್ ಎತ್ತುವ ಮೊದಲೇ, ತೊಂದರೆ ಬ್ಯಾಟರಿಯದೋ ತುಕ್ಕು ಹಿಡಿದ ತಂತಿಯದೋ ಹೇಳಿಬಿಡುತ್ತಾರೆ. ಮೆಕ್ಯಾನಿಕ್‌ಗಳು ಫೋನನ್ನು ಎಂಜಿನ್ನಿಗೆ ಹಿಡಿದು ಅವರಿಗೆ ಕೇಳಿಸುವುದನ್ನು ನಾನೇ ನೋಡಿದ್ದೇನೆ.

ಬ್ಯಾಟರಿ ಆರಿಸುವುದರಲ್ಲಿ ಅವರದು ಒಂದೇ ಪದ್ಧತಿ. ಕಾರಿನಿಂದ ಯಾವ ಜಾತಿಯದು ಇಳಿಯಿತೋ ಅದೇ ಜಾತಿಯದು ಏರಬೇಕು. ಅದೇ ಅಳತೆ, ಪ್ಲಸ್ ತುದಿ ಅದೇ ಬದಿಗೆ. ಅಕ್ಕನ ಸೆಕೆಂಡ್‌ಹ್ಯಾಂಡ್ ಕಾರಿಗೂ ಹಾಗೆಯೇ ಒಂದು ಹಾಕಿಕೊಟ್ಟರು. ಐದು ತಿಂಗಳಿಗೆ ಅದು ಸತ್ತಿತು. ಇನ್ನೊಂದು ಹಾಕಿದರು. ಈಗ ಹಲ್ಲು ಕಡಿಯುತ್ತಿದ್ದುದು ಅದೇ.

ಅಕ್ಕ ಮನೆಮನೆಗೆ ಹೋಗುವ ನರ್ಸ್. ಹಾಸಿಗೆ ಬಿಟ್ಟು ಏಳಲಾಗದವರಿಗೆ ಇಂಜೆಕ್ಷನ್ ಕೊಟ್ಟು, ಗಾಯ ತೊಳೆದು ಪಟ್ಟಿ ಕಟ್ಟುತ್ತಾಳೆ. ಹಿಂದಿನ ವಾರ ಕಾರು ನಡುದಾರಿಯಲ್ಲಿ ಕೈಕೊಟ್ಟು, ನಿವೃತ್ತ ಮೇಷ್ಟ್ರೊಬ್ಬರು ಇನ್ಸುಲಿನ್‌ಗಾಗಿ ಎರಡು ಗಂಟೆ ಕಾದಿದ್ದರು. ಇನ್ನೊಮ್ಮೆ ತಡವಾದರೆ ಈ ರೋಗಿಗಳನ್ನೆಲ್ಲ ಬೇರೆಯವರಿಗೆ ಒಪ್ಪಿಸುವುದಾಗಿ ಆಸ್ಪತ್ರೆಯವರು ಹೇಳಿದ್ದರು.

ಚಿಕ್ಕಮ್ಮ ಅಕ್ಕನ ಓಡಾಟವನ್ನೇ ದೂರಿದರು. ಗಾಡಿಗೆ ಒಂದು ಗಳಿಗೆ ಬಿಡುವು ಕೊಡದಿದ್ದರೆ ಬ್ಯಾಟರಿ ಏನು ಮಾಡೀತು ಎಂದರು. ಯಾವತ್ತೂ ಎದುರು ಮಾತಾಡದ ಅಕ್ಕ ಅಂದು ಮೆಲ್ಲಗೆ ಕೇಳಿದಳು:

“ನಾಡಿ ನೋಡದೆ ನಾನು ಮಾತ್ರೆ ಕೊಟ್ರೆ ನೀವು ಸುಮ್ನಿರ್ತಿದ್ರಾ ಚಿಕ್ಕಮ್ಮ?”

ಚಿಕ್ಕಮ್ಮ ಅಂಗಡಿಯಿಂದ ಚಾರ್ಜ್ ತುಂಬಿದ ಬ್ಯಾಟರಿಯೊಂದನ್ನು ಹೊತ್ತು ತಂದು, ಸದ್ಯಕ್ಕೆಂದು ಕೂರಿಸಿ, ಜಡೆ ಮುಗಿಸಿ, ಅಕ್ಕನ ಪಕ್ಕದ ಸೀಟಿನಲ್ಲಿ ಕುಳಿತರು. ನಾಡಿ ನೋಡಲು ಬರುತ್ತಿದ್ದಾರಂತೆ. ನಾನು ಔಷಧದ ಪೆಟ್ಟಿಗೆಯೊಂದಿಗೆ ಹಿಂದೆ ಕುಳಿತೆ.

ಮೇಷ್ಟ್ರ ಮನೆ, ಅಲ್ಲಿಂದ ಇನ್ನೊಂದು ಮನೆ. ಹೊತ್ತೇರಿ ರಸ್ತೆ ತುಂಬಿದಾಗ ಕೆಂಪು ದೀಪಕ್ಕೆ ನಿಂತೆವು. ಎಂಜಿನ್ ಸದ್ದಿಲ್ಲದೆ ನಿಂತಿತು.

“ನೀನು ಆಫ್ ಮಾಡಿದ್ಯಾ?” ಚಿಕ್ಕಮ್ಮ ಕೇಳಿದರು.

“ಇಲ್ಲ. ಅದೇ ಆಗುತ್ತೆ. ಕ್ಲಚ್ ಒತ್ತಿದ್ರೆ ಅದೇ ಏಳುತ್ತೆ.”

ಹಸಿರು ದೀಪ ಬಂತು, ಕಾರು ಎದ್ದಿತು. ಮುಂದಿನ ಸಿಗ್ನಲ್‌ನಲ್ಲೂ ಹಾಗೇ ಆಯಿತು. ಆಮೇಲೆ ಚಿಕ್ಕಮ್ಮ ಬೆರಳು ಮಡಿಚುತ್ತ ಎಣಿಸತೊಡಗಿದರು. ಮಧ್ಯಾಹ್ನದೊಳಗೆ ಕಾರು ನಲವತ್ತಮೂರು ಸಲ ಮಲಗಿ ಎದ್ದಿತ್ತು.

“ಮೂವತ್ತು ವರ್ಷ ಅಂಗಡಿ ಮುಂದೆ ನಿಂತ ಗಾಡಿಗಳ ಸದ್ದನ್ನೇ ಕೇಳಿಸ್ಕೊಂಡೆ ಕಣೇ,” ಎಂದರು. “ಓಡೋ ಗಾಡಿ ಹೆಂಗೆ ಬದುಕುತ್ತೆ ಅಂತ ಒಂದಿನಾನೂ ಕೇಳ್ಲಿಲ್ಲ.”

ಕಾರಿನ ಖಾನೆಯಲ್ಲಿ ಪ್ಲಾಸ್ಟಿಕ್ ಕವರನ್ನೂ ಬಿಚ್ಚದ ಕೈಪಿಡಿಯಿತ್ತು. ಭೂತಗನ್ನಡಿ ಹಿಡಿದು ಅದನ್ನು ಓದಿದರು. ತಾನೇ ನಿಂತು ತಾನೇ ಏಳುವ ಈ ಕಾರಿಗೆ ಎಜಿಎಂ ಜಾತಿಯ ಬ್ಯಾಟರಿಯನ್ನೇ ಹಾಕಬೇಕು ಎಂದು ಅಲ್ಲಿ ದಪ್ಪ ಅಕ್ಷರದಲ್ಲಿತ್ತು; ಇಷ್ಟು ಸಲ ಎಬ್ಬಿಸಿದರೆ ಮಾಮೂಲಿಯದು ಬೇಗ ಸವೆಯುತ್ತದಂತೆ. ಹಳೆಯ ಯಜಮಾನ ಮಾಮೂಲಿ ಬ್ಯಾಟರಿ ಹಾಕಿಸಿದ್ದ. ಚಿಕ್ಕಮ್ಮ ತಮ್ಮ ಪದ್ಧತಿಯಂತೆ ಆ ತಪ್ಪನ್ನೇ ಎರಡು ಸಲ ನಿಷ್ಠೆಯಿಂದ ನಕಲು ಮಾಡಿದ್ದರು.

ಮರುದಿನ ಹೊಸದು ಬಂತು. ಅದರೊಳಗೆ ಆ್ಯಸಿಡ್ ಕುಲುಕಾಡುವುದಿಲ್ಲ. ಗಾಜಿನ ನಾರಿನ ತೆಳು ಹಾಸುಗಳು ಅದನ್ನು ಹೀರಿ ಹಿಡಿದಿಟ್ಟುಕೊಂಡಿರುತ್ತವೆ. ಎಂಜಿನ್ ಮಲಗಿದಾಗಲೆಲ್ಲ ದೀಪ, ಫ್ಯಾನು, ವೈಪರ್ ಎಲ್ಲವನ್ನೂ ಅದೊಂದೇ ಹೊತ್ತು ನಿಂತು, ಮರುಗಳಿಗೆ ಎಂಜಿನ್ನನ್ನೂ ಎಬ್ಬಿಸುತ್ತದೆ. ಚಿಕ್ಕಮ್ಮ ಅದರ ಮೇಲೆ ಅಂಗೈಯಿಟ್ಟು ಸುಮ್ಮನೆ ನಿಂತರು, ಮಲಗಿದ ಮಗುವಿನ ಎದೆಯ ಮೇಲೆ ಇಟ್ಟ ಹಾಗೆ. ನಟ್ಟು ಬಿಗಿದ ಮೇಲೂ ಕೆಲಸ ಮುಗಿದಿರಲಿಲ್ಲ. ಹಳೆಯದು ಹೋಗಿ ಹೊಸದು ಬಂದಿದೆ ಎಂದು ಕಾರಿಗೇ ತಿಳಿಸಬೇಕಂತೆ, ಇಲ್ಲದಿದ್ದರೆ ಅದು ಹಳೆಯದಕ್ಕೆ ಉಣಿಸಿದಂತೆಯೇ ಉಣಿಸುತ್ತಿರುತ್ತದಂತೆ. ಅದಕ್ಕೊಂದು ಪುಟ್ಟ ಯಂತ್ರವನ್ನು ಕೇಳಿ ತಂದಿದ್ದರು. ಅದರ ಪರದೆಯಲ್ಲಿ ಹಸಿರು ಗುರುತು ಮೂಡಿದಾಗ ಅರವತ್ತು ದಾಟಿದ ಆ ಮುಖ ನೋಡಬೇಕಿತ್ತು. ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಬಲ್ಲವರು ಮೊದಲ ದಿನದ ವಿದ್ಯಾರ್ಥಿನಿಯಂತೆ ಕಾಣುತ್ತಿದ್ದರು. 

ಮುಂದಿನ ಎರಡು ವಾರ ಅಕ್ಕ ದಿನವೂ ಆರಕ್ಕೆ ಸರಿಯಾಗಿ ಮೇಷ್ಟ್ರ ಬಾಗಿಲು ತಟ್ಟಿದಳು. ರೋಗಿಗಳು ಅವಳ ಪಾಲಿಗೇ ಉಳಿದರೆಂಬ ಸುದ್ದಿ ಹೇಳಲು ನಾವಿಬ್ಬರೂ ಹೋದರೆ, ಚಿಕ್ಕಮ್ಮ ಚಪ್ಪಲಿ ಮೆಟ್ಟುತ್ತಿದ್ದರು. ಹೀಗೇ ತಪ್ಪು ಬ್ಯಾಟರಿ ಹಾಕಿಕೊಟ್ಟ ಗಾಡಿಗಳು ಇನ್ನೂ ಇರಬಹುದು, ಒಂದೊಂದನ್ನೂ ನೋಡಿ ಬರಬೇಕು ಎಂದರು. ಯಾರಾದರೂ ದೂರು ಕೊಟ್ಟಿದ್ದಾರೆಯೇ ಎಂದು ಅಕ್ಕ ಕೇಳಿದಳು.

“ದೂರು ಬರೋವರೆಗೂ ಕಾಯ್ಲಾ? ಮೊದ್ಲು ಆ ಫೋಟೊ ಸ್ಟುಡಿಯೊದವನದು, ಆಮೇಲೆ ಹಲ್ಲಿನ ಡಾಕ್ಟರಮ್ಮಂದು. ಅವಳ ಮನೆ ಇರೋದು ಏರಿನ ಮೇಲೆ, ಅಲ್ಲೇನಾದ್ರೂ ಗಾಡಿ...” ಎನ್ನುತ್ತಲೇ ಹಿಂತಿರುಗಿ ನೋಡದೆ ರಸ್ತೆ ದಾಟಿ ನಡೆದುಬಿಟ್ಟರು.