ಚೈನು ಬಿದ್ದ ಕಥೆ

ಹಿರಿಯರು ಎದುರಾದರೆ ನನ್ನ ಅಣ್ಣ ಸೈಕಲ್ಲಿನಿಂದ ಇಳಿದು, ಅವರನ್ನು ದಾಟುವವರೆಗೆ ತಳ್ಳಿಕೊಂಡೇ ನಡೆಯುತ್ತಿದ್ದ. ನಾವು ನಕ್ಕರೆ, "ಏನ್ ಮಾಡ್ಲಿ, ಕಾಲು ಕೇಳಂಗಿಲ್ಲ" ಎನ್ನುತ್ತಿದ್ದ.

ಕಾಲೇಜಿನವರು ಖರ್ಚು ಹಾಕಿ ಕಟ್ಟಿದ ಸೈಕಲ್ ತಂಡದಲ್ಲಿ ಅವನಿದ್ದ. ಹಿರೇಕೆರೂರಿನಿಂದ ನಮ್ಮೂರು ಹಾನಗಲ್ ಮೇಲೆ ಹಾದು ಶಿಗ್ಗಾಂವಿಗೆ ಪಂದ್ಯ. ಸಂಬಳಕ್ಕೆ ಓಡಿಸುವ ಸವಾರರ ಎದುರು ತಂಡಕ್ಕೆ ಅದೇ ಮೊದಲ ಸಲ. ಹಿಂದಿನ ದಿನ ಅಣ್ಣ ನನ್ನ ಕೈ ಹಿಡಿದು, "ತಂಗಿ, ನಾ ಹಾನಗಲ್ ದಾಟೂತನಕ ಅಪ್ಪನ್ನ ರಸ್ತೇಕ ಬಿಡಬ್ಯಾಡವಾ" ಎಂದ. ಹೂಂ ಎಂದೆ.

ಮರುದಿನ ಅಣ್ಣನೇ ಎಲ್ಲರಿಗಿಂತ ಮುಂದಿದ್ದಾನೆ ಎಂಬ ಸುದ್ದಿ ಊರಿಗೆ ಬಂತು. ಮಗ ಗೆಲ್ಲುವುದನ್ನು ಅಪ್ಪ ನೋಡದಿದ್ದರೆ ಹೇಗೆ ಅನ್ನಿಸಿ, ನಾನೇ ಅವನನ್ನು ಕರೆತಂದು ರಸ್ತೆಯ ಅಂಚಿಗೆ ನಿಲ್ಲಿಸಿದೆ. ಅಪ್ಪನನ್ನು ಕಂಡದ್ದೇ ತಡ, ಅಣ್ಣ ಇಳಿದುಬಿಟ್ಟ. ಹಿಂದಿದ್ದವರೆಲ್ಲ ಅವನನ್ನು ದಾಟಿ ಹೋದರು.

"ಯಾಕ ಇಳದ್ಯೋ, ಹುಚ್ಚಪ್ಪ?"

"ಚೈನ್ ಬಿತ್ತಪ್ಪಾ."

ಚೈನು ಬಿದ್ದಿರಲಿಲ್ಲ. ಕಣ್ಣು ಮಂಜಾಗಿದ್ದ ಅಪ್ಪ ಅದನ್ನೇ ನಂಬಿದ. ನಾನು ಬಾಯಿ ಬಿಡಲಿಲ್ಲ, ಅಪ್ಪ ಸಾಯುವವರೆಗೂ ಬಿಡಲಿಲ್ಲ.

ಊಟಕ್ಕೆ ಕುಳಿತಾಗೆಲ್ಲ ಅಪ್ಪ, "ಹಾಳಾದ ಚೈನು, ನನ್ನ ಮಗನ್ನ ಸೋಲಿಸ್ತು" ಎಂದು ಬೈಯುತ್ತಿದ್ದ. ನಾನು ರೊಟ್ಟಿ ಮುರಿಯುತ್ತ ತಲೆ ತಗ್ಗಿಸುತ್ತಿದ್ದೆ. ಅಣ್ಣ ನನ್ನ ಮುಖ ನೋಡದೆ, ತನ್ನ ಪಾಲಿನ ಬೆಲ್ಲವನ್ನು ನನ್ನ ತಾಟಿಗೆ ಸರಿಸುತ್ತಿದ್ದ.