ಐನಾಪುರದಲ್ಲಿ ಥೋರ್ ಮತ್ತು ಒಂದು ಆಡು

ಐನಾಪುರದ ಬಸ್ ನಿಲ್ದಾಣದಲ್ಲಿ ಕಾಗವಾಡದ ಬಸ್ಸಿಗಾಗಿ ಕಾಯುತ್ತ ಕುಳಿತಿದ್ದೆ. ಕೈಯಲ್ಲಿ ಉತ್ತರ ಯುರೋಪಿನ ನಾರ್ಸ್ ಪುರಾಣವನ್ನು ಹೊಸಬರಿಗೆ ಪರಿಚಯಿಸುವ ಪುಸ್ತಕ. ಯಾವ ದೇವರು ಯಾರ ಮಗ ಎಂಬುದೇ ತಲೆಗೆ ಹತ್ತದೆ ಮತ್ತೆ ಮತ್ತೆ ಮೊದಲ ಪುಟಕ್ಕೆ ಮರಳುತ್ತಿದ್ದೆ. ಪಕ್ಕದಲ್ಲಿ ಆಡಿನ ಹಗ್ಗ ಹಿಡಿದು ಕುಳಿತಿದ್ದ ಹೆಂಗಸು ಯಾವ ದೇವರ ಕಥೆ ಎಂದು ಕೇಳಿದಳು.

"ಥೋರ್," ಎಂದೆ.

"ಥೋರ್ ಅಂದ್ರ ದೊಡ್ಡಾವ. ನಮಗೂ ಮರಾಠಿ ಬರ್ತೈತ್ರಿ. ಹೆಸರೇನ ಅವಂದು?"

"ಹೆಸರೇ ಥೋರ್. ಗುಡುಗಿನ ದೇವರು. ಅವನ ಅಪ್ಪ ಓಡಿನ್, ಎಲ್ಲರಿಗಿಂತ ದೊಡ್ಡವನು."

"ಅಪ್ಪ ದೊಡ್ಡಾವ ಇದ್ರ ಮಗ ಹೆಂಗ ಥೋರ್ ಆಗ್ತಾನ್ರಿ?"

ಮಾತು ಮರೆಸಲು ಮುಂದಿನ ಕಥೆ ಹೇಳಿದೆ. ಥೋರನ ರಥ ಎಳೆಯುವುದು ಎರಡು ಹೋತಗಳು. ರಾತ್ರಿ ಅವನ್ನೇ ಕೊಯ್ದು ಉಣ್ಣುತ್ತಾನೆ. ಎಲುಬುಗಳನ್ನು ಚರ್ಮದ ಮೇಲೆ ಇಟ್ಟರೆ ಬೆಳಿಗ್ಗೆ ಎರಡೂ ಜೀವಂತ ಎದ್ದು ನಿಲ್ಲುತ್ತವೆ. ಒಮ್ಮೆ ಜೊತೆಗೆ ಉಂಡವನೊಬ್ಬ ಮಜ್ಜೆಯ ಆಸೆಗೆ ಕಾಲಿನ ಎಲುಬು ಸೀಳಿಬಿಟ್ಟ. ಮರುದಿನ ಒಂದು ಹೋತ ಕುಂಟುತ್ತ ಎದ್ದಿತು.

ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ತನ್ನ ಆಡಿನ ಹಿಂಗಾಲನ್ನು ಮೆಲ್ಲಗೆ ಸವರಿದಳು. ಅದನ್ನು ದನದ ದವಾಖಾನೆಗೆ ಒಯ್ಯುತ್ತಿದ್ದಳಂತೆ.

"ಇದು ಎಲ್ಲೂ ಬಿದ್ದಿಲ್ರಿ, ಯಾರೂ ಹೊಡದಿಲ್ಲ. ನಿನ್ನೆ ಮುಂಜಾನೆ ಎದ್ದಾಗಿಂದ ಕುಂಟಾಕತ್ತೈತಿ."

ಅಷ್ಟರಲ್ಲಿ ನನ್ನ ಬಸ್ ಬಂತು. ಪುಸ್ತಕ ಮುಚ್ಚಿ ಎದ್ದೆ. ಅವಳು ನನ್ನ ಚೀಲ ಹಿಡಿದು ನಿಲ್ಲಿಸಿದಳು.

"ಹಂಗಾದ್ರ ಮೊನ್ನೆ ರಾತ್ರಿ ಇದನ್ನ ತಿಂದಾವ ಯಾವನ್ರಿ?"