ಕೋಳಿಸಾರಿನಲ್ಲಿ ಪಾಠ ಹೇಳಿದ ದನದ ಡಾಕ್ಟ್ರು

ಆ ಡಾಕ್ಟ್ರ ಎಡಗೈಯ ಕಿರುಬೆರಳು ಅರ್ಧಕ್ಕೇ ಮುಗಿದಿತ್ತು. ಯಾವುದೋ ಕುದುರೆ ಕಚ್ಚಿತ್ತಂತೆ. ಎಲ್ಲಿಯ ಕುದುರೆ ಎಂದು ಕೇಳಿದರೆ ಒಂದು ಸಲ ಮೈಸೂರಿನದು ಎನ್ನುವರು, ಇನ್ನೊಂದು ಸಲ ಊಟಿಯದು. ಆ ಮೊಂಡು ಬೆರಳೂ ಸೇರಿದಂತೆ ಅವರ ಕೈ ಸದಾ ಯಾವುದಾದರೂ ಪ್ರಾಣಿಯ ತೊಡೆಯ ಮೇಲೆಯೇ ಇರುತ್ತಿತ್ತು. ಮನೆಗೆ ಬಂದರೆ ಮೊದಲು ಮನುಷ್ಯರನ್ನು ಮಾತಾಡಿಸಿದವರೇ ಅಲ್ಲ. ಎತ್ತಿನ ತೊಡೆ ಒತ್ತಿ, ನಾಯಿಯ ತೊಡೆ ಹಿಚುಕಿ, ಆಮೇಲೆ "ಎಲ್ಲ ಸೌಖ್ಯವಾ?" ಒಂದು ದಿನ ನಮ್ಮ ಮಾವನ ಮೀನಖಂಡವನ್ನೂ ಮುಟ್ಟಿ ನೋಡಿ, "ಒಳ್ಳೇ ನಡೆಯೋ ಕಾಲು ಗೌಡ್ರೆ, ಸುಲಭಕ್ಕೆ ಸೋಲೋದಲ್ಲ" ಎಂದುಬಿಟ್ಟರು. ಮಾವ ಪಂಚೆ ಇಳಿಸಿಕೊಂಡು ಒಳಗೆ ಹೋದವರು, ಡಾಕ್ಟ್ರು ಹೊರಡುವ ತನಕ ಹೊರಗೆ ಬರಲಿಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಅವರ ಹೆಸರು 'ಹುಚ್ಚು ಡಾಕ್ಟ್ರು'.

ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ ಕಾಲ ಅದು. ಅವರು ಮೈಸೂರು ಕಡೆಯ ಬ್ರಾಹ್ಮಣರು, ಮೊಟ್ಟೆಯನ್ನೂ ಮುಟ್ಟದವರು. ಭಾಗಮಂಡಲದ ಕಡೆಯ ನಮ್ಮೂರಿನ ದನದ ಆಸ್ಪತ್ರೆಗೆ ಬಂದಿದ್ದರು. ನಾನು ವಿರಾಜಪೇಟೆ ಕಡೆಯಿಂದ ಬಂದ ಹೊಸ ಸೊಸೆ. ಗಂಡ ಮಿಲಿಟರಿಯಲ್ಲಿ, ರಜೆಗೆ ಮಾತ್ರ ಬರುವವರು. ಅಪ್ಪ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ನನ್ನ ಬಟ್ಟೆಯ ಪೆಟ್ಟಿಗೆಯ ಜೊತೆಗೆ ಜಾಕಿಯೂ ಬಂದಿದ್ದ. ಅವನ ತಂದೆ ಎಸ್ಟೇಟಿನ ಬಿಳಿ ದೊರೆಯ ಬಂಗಲೆಯ ರೇಸಿನ ನಾಯಿ, ತಾಯಿ ಕೂಲಿಗಳ ಲೈನುಮನೆಯ ನಾಡುನಾಯಿ. ಉದ್ದ ಕಾಲು, ಆಳವಾದ ಎದೆ, ಬೆನ್ನಿಗಂಟಿದ ಹೊಟ್ಟೆ. ಆ ಹೊಸ ಮನೆಯಲ್ಲಿ ನನ್ನ ಮುಖ ಕಂಡರೆ ಕುಣಿಯುತ್ತಿದ್ದ ಜೀವ ಅದೊಂದೇ.

ಗದ್ದೆ ಅಗೆಯುವ ಹಂದಿಗಳ ಬೇಟೆಗೆ ಜಾಕಿಯನ್ನೂ ಕರೆದುಕೊಂಡು ಹೋಗುತ್ತಿದ್ದರು. ಕೂಗು ಹಾಕಿ ಕಾಡಿನಿಂದ ಹಂದಿ ಎಬ್ಬಿಸುವವರ ಜೊತೆ ನಾಯಿಗಳು ಬೆಳಗ್ಗೆಯೇ ಗುಡ್ಡ ಹತ್ತಬೇಕು. ನಮ್ಮವನು ಎಲ್ಲರಿಗಿಂತ ಮುಂದೆ ಬಿಟ್ಟ ಬಾಣದ ಹಾಗೆ ಹೋಗುವನು, ಸ್ವಲ್ಪ ಹೊತ್ತಿಗೆಲ್ಲ ನಾಲಿಗೆ ಇಳಿಬಿಟ್ಟು ಮರದ ಬುಡದಲ್ಲಿ ಮಲಗುವನು! ಪ್ರತಿ ಸಲವೂ ಇದೇ ಕತೆ. ನಮ್ಮಲ್ಲಿ ಬೇಟೆಯ ಮಾಂಸದಲ್ಲಿ ನಾಯಿಗೂ ಒಂದು ಪಾಲು ಇದೆ. ಒಂದು ದಿನ ಮಾವ ಅಂಗಳದಲ್ಲಿ, ಎಲ್ಲರ ಎದುರಿಗೆ ಹೇಳಿದರು: "ಈ ಸೋಂಬೇರಿಗೆ ಪಾಲಿಲ್ಲ. ಇನ್ನೊಂದು ಸಲ ಮಲಗಿದರೆ ಅಲ್ಲೇ ಒಂದು ಗುಂಡು." ಅತ್ತೆ ಬಿಡುತ್ತಾರಾ? "ಆ ತವರಿಂದ ಬಂದದ್ದೆಲ್ಲ ನೋಡೋದಕ್ಕೆ ಮಾತ್ರ ಚಂದ" ಎಂದು ಒಗ್ಗರಣೆ ಹಾಕಿದರು. ಆ ಮಾತು ನಾಯಿಗಲ್ಲ ಎಂದು ನನಗೆ ಗೊತ್ತಾಗದೆ ಇರುತ್ತದೆಯೇ?

ಮಾರನೇ ದಿನ ದನಗಳಿಗೆ ಸೂಜಿ ಹಾಕಲು ಡಾಕ್ಟ್ರು ಬಂದಾಗ ನಾನು ಕೋಳಿಸಾರು ಮಾಡುತ್ತಾ ಅಳುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಏನಮ್ಮಾ, ಹೊಗೆಯಾ?" ಎಂದರು. ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಅವರು ಹೋಗಿ ಜಾಕಿಯ ತೊಡೆ ಹಿಚುಕಿದರು. ಹಿಚುಕಿದ್ದೇ ತಡ, ಕುಣಿದುಕೊಂಡು ವಾಪಸು ಬಂದರು. "ಗೌಡ್ರೇ, ಬನ್ನಿ ಇಲ್ಲಿ! ಅಮ್ಮಾ, ಆ ಪಾತ್ರೆ ಮುಚ್ಚಳ ತೆಗೀರಿ!"

ಮಾಂಸದ ವಾಸನೆಗೇ ಮೂಗು ಮುಚ್ಚುವ ಮನುಷ್ಯ ಸಾರಿನ ಪಾತ್ರೆಗೆ ಬಗ್ಗಿದರು. "ತೊಡೆ ಯಾಕೆ ಕಪ್ಪು? ಎದೆ ಯಾಕೆ ಬಿಳಿ?"

ಮಾವನಿಗೆ ರೇಗಿತು. "ಎಂಥದು ಮಾರಾಯ್ರೆ! ಕೋಳಿ ತಿನ್ನದ ನೀವು ನಮಗೆ ಕೋಳಿ ವಿಷಯ ಹೇಳೋದಾ?"

"ತಿನ್ನೋರು ನುಂಗಿಬಿಡ್ತೀರಿ, ನೋಡೋದೆಲ್ಲಿ ಬಂತು!"

ಆಮೇಲೆ ಶುರುವಾಯಿತು ಪಾಠ. ಮಾಂಸ ಎಂದರೆ ಎಳೆಗಳ ಕಂತೆ. ಕೋಳಿ ದಿನವಿಡೀ ನಡೆಯುತ್ತದೆ, ಹಾಗಾಗಿ ಕಾಲಿನಲ್ಲಿ ಕೆಂಪು ಎಳೆ. ಅದಕ್ಕೆ ರಕ್ತ ಜಾಸ್ತಿ, ಉಸಿರಾಡಿದ ಗಾಳಿಯಲ್ಲಿ ಹಲಸಿನ ಕೊರಡಿನ ಹಾಗೆ ನಿಧಾನ ಉರಿಯುತ್ತದೆ. ಹಾರುವುದು ಯಾವಾಗಲೋ ಒಮ್ಮೆ, ಗಾಬರಿಯಾದಾಗ. ಅದಕ್ಕೆ ಎದೆಯಲ್ಲಿ ಬಿಳಿ ಎಳೆ, ತರಗೆಲೆಯ ಬೆಂಕಿ, ಭುಗ್ಗೆಂದು ಹತ್ತಿ ಆರುವುದು. ನನಗೆ ಮೈ ಜುಂ ಎಂದಿತು. ಮಾವ ಇದ್ದಾರೆ ಎಂಬುದೂ ಮರೆತು ಕೂಗಿದೆ: "ಅದಕ್ಕೇನಾ ಕಾಡುಪಾರಿವಾಳದ ಎದೆ ಕಪ್ಪಗಿರೋದು? ಅದು ದೂರ ಹಾರುತ್ತಲ್ಲ!"

"ಭೇಷ್!" ಎಂದು ಡಾಕ್ಟ್ರು ಬಾಗಿಲಿಗೇ ಗುದ್ದಿದರು. "ನಾಯಿಯಲ್ಲಿ ಇಷ್ಟು ಸಲೀಸಾಗಿ ಕಣ್ಣಿಗೆ ಕಾಣೋದಿಲ್ಲ ಕಣಮ್ಮ, ಎರಡು ಥರದ ಎಳೆಯೂ ಒಂದೇ ತೊಡೆಯಲ್ಲಿ ಬೆರೆತಿರುತ್ತೆ. ನಾಯಿ ಜಾತಿಯೇ ದಣಿವು ತಡೆಯೋ ಜಾತಿ. ಆದರೆ ಇವನಪ್ಪನ ಕುಲ ಬೇರೆ, ಅದರ ತೊಡೆ ತುಂಬ ಚುರುಕಿನ ಎಳೆ. ಗೌಡ್ರೆ, ಇವನು ಸೋಂಬೇರಿಯಲ್ಲ. ನೀವು ತರಗೆಲೆ ಹಾಕಿ ಭತ್ತ ಬೇಯಿಸೋಕೆ ಹೊರಟಿದ್ದೀರಿ. ಇವನನ್ನು ಗುಡ್ಡ ಹತ್ತಿಸಬೇಡಿ. ಕೋವಿ ಹಿಡಿದು ಕಾಯೋರ ಪಕ್ಕ ಕಟ್ಟಿ ಕೂರಿಸಿ. ಹಂದಿ ಎದುರಿಗೆ ಬಂದ ಮೇಲೆ ಬಿಡಿ."

"ಬೇಟೆನಾಯಿಯನ್ನು ಕೂರಿಸಿ ಇಡೋದಾ? ಊರು ನಗುತ್ತೆ."

"ನಗಲಿ. ಹಗ್ಗ ನಾನೇ ಹಿಡೀತೀನಿ."

ಹಿಡಿದೇ ಹಿಡಿದರು! ಕೊಯ್ಲಾದ ಗದ್ದೆಯ ಏರಿಯ ಮೇಲೆ ಕೋವಿಯೊಂದಿಗೆ ಮಾವ, ಪಕ್ಕದಲ್ಲಿ ಕಚ್ಚೆ ಕಟ್ಟಿದ ಡಾಕ್ಟ್ರು, ಅವರ ಕೈಯಲ್ಲಿ ಜಾಕಿ. ನಾನು ಮೇಲೆ ಅಂಗಳದ ಬೇಲಿ ಹಿಡಿದು ನಿಂತಿದ್ದೆ. ಪಕ್ಕದಲ್ಲಿ ಅತ್ತೆಯೂ ಇದ್ದರು. ಕಾಡಿನಲ್ಲಿ ಕೂಗು, ಬೊಗಳು, ಇದ್ದಕ್ಕಿದ್ದಂತೆ ಒಂದು ಕರಿ ಹಂದಿ ಗದ್ದೆಗೆ ನುಗ್ಗಿತು. ಮಾವನ ಗುಂಡು ಪಕ್ಕೆ ಸವರಿಕೊಂಡು ಹೋಯಿತು. ಗಾಯಗೊಂಡ ಹಂದಿ ಹೊಳೆಯ ಆಚೆಯ ಪೊದೆಗೆ ದೌಡಾಯಿಸಿತು. ಅಲ್ಲಿ ಸೇರಿದರೆ ಮುಗಿಯಿತು, ಹಂದಿಯೂ ಇಲ್ಲ, ಜಾಕಿಯೂ ಇಲ್ಲ.

"ಈಗ!" ಎಂದು ಡಾಕ್ಟ್ರು ಹಗ್ಗ ಬಿಟ್ಟರು.

ಅಯ್ಯಪ್ಪಾ, ಆ ಓಟವೇ! ಬೆನ್ನು ಬಿಲ್ಲಿನಂತೆ ಬಾಗುವುದು, ಚಾಚುವುದು. ನಾಲ್ಕು ಕಾಲೂ ಗಾಳಿಯಲ್ಲಿ. ಹೊಳೆಯ ದಂಡೆಯಲ್ಲೇ ಹಂದಿಯ ಹಿಂಗಾಲು ಹಿಡಿದ. ಹಂದಿ ತಿರುಗಿದರೆ ಬಿಡುವನು, ಓಡಿದರೆ ಹಿಡಿಯುವನು. ಅಷ್ಟರಲ್ಲಿ ಬೇರೆ ನಾಯಿಗಳು ಬಂದು ಮುತ್ತಿದವು, ಮಾವ ಹತ್ತಿರ ಹೋಗಿ ಎರಡನೇ ಗುಂಡು ಹಾರಿಸಿದರು. ಅತ್ತೆ ನನ್ನ ಕೈಯನ್ನು ನೋಯುವ ಹಾಗೆ ಹಿಡಿದುಕೊಂಡಿದ್ದರು. ಅತ್ತ ಡಾಕ್ಟ್ರು, ಇರುವೆಯನ್ನೂ ತುಳಿಯದ ಮನುಷ್ಯ, ಗದ್ದೆಯ ನಡುವೆ ಕುಣಿಯುತ್ತಿದ್ದರು. ಆಮೇಲೆ ತಾವು ಬ್ರಾಹ್ಮಣರೆಂಬುದು ನೆನಪಾಗಿ, ಮೈಲಿಗೆ ಕಳೆಯಲು ಹೊಳೆಯಲ್ಲಿ ಮುಳುಗು ಹಾಕಿ ಬಂದರು.

ಜಾಕಿ ಎಂದಿನಂತೆ ಅಲ್ಲೇ ಮಲಗಿಬಿಟ್ಟ. ಯಾರೋ ಎಬ್ಬಿಸಲು ಹೋದರೆ ಮಾವ ಗದರಿದರು: "ಮಲಗಲಿ ಬಿಡೋ. ಅವನ ಕೆಲಸ ಆಯಿತು." ಸಂಜೆ ಅವನ ಪಾಲನ್ನು ತಾವೇ ಕೊಯ್ದು ಇಟ್ಟರು.

ಕೊಡಗು ಮೈಸೂರಿಗೆ ಸೇರಿದ ಮೇಲೆ ಡಾಕ್ಟ್ರಿಗೆ ಬಯಲುಸೀಮೆಗೆ ವರ್ಗವಾಯಿತು. ಅಲ್ಲೇ ಜ್ವರ ಬಂದು ತೀರಿಕೊಂಡರು ಎಂದು ಆಸ್ಪತ್ರೆಯ ಕಾಂಪೌಂಡರ್ ಬಂದು ಹೇಳಿದಾಗ ನಾವು ಊಟಕ್ಕೆ ಕೂತಿದ್ದೆವು. ನಾನು ಊಟ ಬಿಟ್ಟು ಎದ್ದೆ. ತವರಿನಲ್ಲಿ ಯಾರೋ ಹೋದಷ್ಟೇ ಸಂಕಟವಾಯಿತು. ಮಾವ ಕೈ ತೊಳೆದು ಬಂದು ನನ್ನ ಮುಂದೆ ನಿಂತರು. ಸೊಸೆಯ ಜೊತೆ ಸುಮ್ಮನೆ ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ.

"ಅವತ್ತು ನಾನು ಆ ನಾಯಿಯನ್ನು ಹೊಡೆದಿದ್ದರೆ ನೀನು ಏನು ಮಾಡುತ್ತಿದ್ದೆ?"

"ಅಪ್ಪನ ಮನೆಗೆ ಹೋಗುತ್ತಿದ್ದೆ ಮಾವ. ತಿರುಗಿ ಬರುತ್ತಿರಲಿಲ್ಲ."

"ನನಗೂ ಹಾಗೇ ಅನ್ನಿಸಿತ್ತು" ಎಂದರು. "ಪುಣ್ಯಾತ್ಮ, ಮನೆಯ ಮಗಳನ್ನು ಉಳಿಸಿಕೊಟ್ಟ" ಎಂದು ಪಂಚೆಯ ತುದಿಯಲ್ಲಿ ಕಣ್ಣು ಒರೆಸಿಕೊಂಡರು.